ಒಂದು, ಐದು, ಮೂರು, ಆರು, ಎರಡು, ನಾಲ್ಕು

ಹೈದರಾಬಾದಿನ ಕಾಚಿಗುಡದ ನೃಪತುಂಗ ಶಾಲೆಗೆ ಸೇರುವ ಮೊದಲೇ ನನಗೆ ಆರರ ತನಕ ಎಣಿಸಲು ಬರುತ್ತಿತ್ತು. ಎಣಿಸುತ್ತಿದ್ದುದು ಮಾತ್ರ ಒಂದು, ಐದು, ಮೂರು, ಆರು, ಎರಡು, ನಾಲ್ಕು ಎಂದು. ಆರು ಸಿಲಿಂಡರಿನ ಇಂಜಿನ್ನಿನಲ್ಲಿ ಡೀಸೆಲ್ ಹೊತ್ತಿಕೊಳ್ಳುವ ಸರದಿ ಅದು. ಶಾಲೆಯಲ್ಲಿ ತಿದ್ದಿಸಿಕೊಂಡು ಮನೆಗೆ ಬಂದರೆ ಹಿತ್ತಲಲ್ಲಿ ನಮ್ಮ ಲಾರಿಯ ಮೆಕ್ಯಾನಿಕ್ ಉಸ್ತಾದರು ಅದೇ ಸರದಿಯಲ್ಲಿ ಟ್ಯಾಪೆಟ್ ಕೂರಿಸುತ್ತ, ಫೀಲರ್ ಗೇಜಿನ ತೆಳು ಪಟ್ಟಿಯನ್ನು ಎಳೆದು ನೋಡುತ್ತ ಇರುತ್ತಿದ್ದರು. ಯಾರ ಲೆಕ್ಕ ಸರಿ ಎಂದು ಅಪ್ಪನನ್ನು ಕೇಳಿದ್ದೆ. 'ಎರಡೂ ಖರೇನೇ. ಸಾಲ್ಯಾಗ ಅವರದ್ದು ಹೇಳು, ಇಲ್ಲಿ ಇವರದ್ದು ಹೇಳು' ಅಂದಿದ್ದರು.

ಅಪ್ಪನ ಊರು ಬೀದರ ಜಿಲ್ಲೆಯ ಹುಮನಾಬಾದ್. ಬೀದರ, ಗುಲಬರ್ಗಾ, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಸೀಮೆಯಲ್ಲೇ ಇದ್ದವು. ಗಡಿ ಬದಲಾದರೂ ಆ ಕಡೆಯವರು ದುಡಿಮೆಗೆ ಈ ಊರಿಗೆ ಬರುವುದು ನಿಲ್ಲಲಿಲ್ಲ. ಅಪ್ಪ ಅಂಬರ್‌ಪೇಟದಲ್ಲಿ ಮನೆ ಹಿಡಿದು, 1978ರಲ್ಲಿ ಹಳೆಯ ಲಾರಿಯೊಂದನ್ನು ಕೊಂಡರು. ಶಹಾಬಾದ್ ಕಲ್ಲು, ತೊಗರಿಬೇಳೆ ಹೇರಿಕೊಂಡು ಬರುವ ಲಾರಿ. ಒಡೆದು ಉಳಿದ ಕಲ್ಲುಗಳನ್ನೇ ಹಿತ್ತಲಿಗೆ ಹಾಸಿದ್ದರು. ಆ ಹಾಸುಗಲ್ಲಿನ ಮೇಲೆ, ಮೂರು ಪೈಪುಗಳನ್ನು ಕಟ್ಟಿ ನಿಲ್ಲಿಸಿದ ಮುಕ್ಕಾಲಿಗೆ ಚೈನ್ ಪುಲ್ಲಿ ತೂಗುಹಾಕಿದರೆ ನಮ್ಮ ಕಾರ್ಖಾನೆ ಸಿದ್ಧ.

ಲಾರಿಯನ್ನು ಎಲ್ಲರೂ ಬೆಂಝ್ ಅನ್ನುತ್ತಿದ್ದರು. 1954ರಲ್ಲಿ ಟಾಟಾದ ಟೆಲ್ಕೋ ಕಂಪನಿ ಜರ್ಮನಿಯ ಡೈಮ್ಲರ್-ಬೆಂಝ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿತು. 1969ರಲ್ಲಿ ಒಪ್ಪಂದ ಮುಗಿದು ಮೂತಿಯ ಮೇಲಿನ ಮೂರು ಮೊನೆಯ ನಕ್ಷತ್ರ ಹೋಯಿತು, ಟಾಟಾದ ಗುರುತು ಬಂತು. ನಮ್ಮದರ ನಕ್ಷತ್ರ ಹಾಗೇ ಇತ್ತು. ದಸರೆಗೆ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವುದು ನನ್ನ ಪಾಲಿನ ಕೆಲಸ. ಒಳಗಿನ ಮೂಲ ಇಂಜಿನ್ ಮಾತ್ರ ಅಪ್ಪ ಕೊಳ್ಳುವ ಮೊದಲೇ ಮುಗಿದಿತ್ತು. ಅದರ ಜಾಗದಲ್ಲಿ ಟಾಟಾದ 692 ಕೂತಿತ್ತು. ಆರು ಸಿಲಿಂಡರ್, ಒಂದೊಂದರ ಬಾಯಿ 92 ಮಿಲಿಮೀಟರ್. ಹೆಸರಿನಲ್ಲೇ ಅಳತೆ ಹೇಳಿಬಿಡುವ ಇಂಜಿನ್. ಆಮೇಲೆ ಬಂದ 697ರ ಬಾಯಿ 97.

ಹೊಗೆ ನೀಲಿಗೆ ತಿರುಗಿ, ಏರಿನಲ್ಲಿ ಗಾಡಿ ಉಸಿರುಗಟ್ಟತೊಡಗಿದರೆ ಅಪ್ಪ 'ಇನ್ನ ಬಿಚ್ಚಬೇಕು' ಅನ್ನುತ್ತಿದ್ದರು. ಎಷ್ಟು ಬಿಚ್ಚಬೇಕು ಎಂಬುದು ಉಸ್ತಾದರ ತೀರ್ಪು. ಹಾಫ್ ಇಂಜಿನ್ನೋ ಫುಲ್ ಇಂಜಿನ್ನೋ ಎಂದು ಹೇಳುವ ಮುನ್ನ ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಒಂದೊಂದೇ ಸಿಲಿಂಡರನ್ನು ಆಲಿಸುತ್ತಿದ್ದರು. ಅವರ ತಂದೆ ನಿಜಾಮ್ ರೈಲ್ವೆಯ ರಸ್ತೆ ಸಾರಿಗೆ ಇಲಾಖೆಯ ವರ್ಕ್‌ಶಾಪಿನಲ್ಲಿ ಪಾನಾ ಹಿಡಿದವರು. 1932ರಲ್ಲಿ 27 ಬಸ್ಸುಗಳಿಂದ ಶುರುವಾದ ಇಲಾಖೆ ಅದು. ಆ ಕಾಲದ ಆಲ್ಬಿಯನ್ ಬಸ್ಸೊಂದಕ್ಕೆ ಬಣ್ಣ ಬಳಿದು ಈ ನಗರದಲ್ಲಿ ಪ್ರದರ್ಶನಕ್ಕೆ ನಿಲ್ಲಿಸಿದ್ದಾರೆ. ಉಸ್ತಾದರ ಕಿವಿ ಆ ಮನೆತನದ್ದು.

ಶುಕ್ರವಾರದ ನಮಾಜ್ ಮುಗಿಸಿ ಬಂದು ಅವರು ಮೊದಲ ನಟ್ ಸಡಿಲಿಸುತ್ತಿದ್ದರು. ಅಮ್ಮ ಅದಕ್ಕೂ ಮೊದಲೇ ಬ್ಲಾಕಿಗೆ ಕುಂಕುಮ ಇಟ್ಟಿರುತ್ತಿದ್ದಳು. ಅಲ್ಲಿಂದ ಹದಿನೈದಿಪ್ಪತ್ತು ದಿನ ಮನೆ ನಮ್ಮದಲ್ಲ. ಅಮ್ಮನ ಪರಾತ ಸೀಮೆಎಣ್ಣೆ ತುಂಬಿಕೊಂಡು ಹಿತ್ತಲಿಗೆ ಬರುತ್ತಿತ್ತು. ನಾವು ಮಕ್ಕಳು ಅದರಲ್ಲಿ ಪಿಸ್ಟನ್ ತೊಳೆದು, ರಿಂಗಿನ ಕಚ್ಚಿನಲ್ಲಿ ಕೂತ ಇದ್ದಿಲನ್ನು ಮುರಿದ ರಿಂಗಿನ ಚೂರಿನಿಂದಲೇ ಕೆರೆದು ತೆಗೆಯಬೇಕು. ಕ್ರ್ಯಾಂಕನ್ನು ತೂಗುಹಾಕಿ ಉಸ್ತಾದರು ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಗುಡಿಯ ಗಂಟೆಯಂತೆ ನಾದ ಉಳಿಯಬೇಕು. ಠಪ್ಪೆಂದು ಸತ್ತರೆ ಎಲ್ಲೋ ಬಿರುಕಿದೆ. ಆಗ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ ಕಾಯುವುದು. ಬಿರುಕಿನೊಳಗೆ ಅಡಗಿದ್ದ ಎಣ್ಣೆ ಬಿಳಿಯ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ.

ಹನ್ನೆರಡನೇ ವಯಸ್ಸಿನಲ್ಲಿ ನಾನೊಂದು ತಪ್ಪು ಮಾಡಿದೆ. ತೊಳೆದ ಕನೆಕ್ಟಿಂಗ್ ರಾಡುಗಳ ಟೋಪಿಗಳನ್ನೆಲ್ಲ ಚಂದ ಕಾಣಲೆಂದು ಒಂದು ಕಡೆ ಗುಡ್ಡೆ ಹಾಕಿಟ್ಟೆ. ರಾಡು, ಟೋಪಿ ಜೊತೆಯಾಗಿಯೇ ಕೊರೆದವು. ಒಂದರ ಟೋಪಿ ಇನ್ನೊಂದಕ್ಕೆ ಹೋದರೆ ಬೇರಿಂಗಿನ ದುಂಡು ಕೆಡುತ್ತದೆ, ಮೆಟಲ್ ಸುಟ್ಟುಹೋಗುತ್ತದೆ. ಉಸ್ತಾದರು ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಬೆರಳು ಹಿಡಿದು ಒಂದೊಂದು ಟೋಪಿಯ ಅಂಚಿನ ಮೇಲೆ ಸವರಿಸಿದರು. ಚುಕ್ಕೆಗುದ್ದಿನ ಗುರುತುಗಳು ಸಿಕ್ಕವು: ಒಂದು ಚುಕ್ಕೆ, ಎರಡು ಚುಕ್ಕೆ, ಆರರ ತನಕ. 'ಆಂಖ್ ನಕ್ಕೋ ಬೇಟೆ, ಉಂಗ್ಲೀ' ಅಂದರು. ಕಣ್ಣು ಬೇಡ, ಬೆರಳು. ಕತ್ತಲಾಗುವ ಹೊತ್ತಿಗೆ ಆರೂ ಜೋಡಿ ಕೂಡಿದ್ದವು.

ಬೋರಿಂಗು, ಕ್ರ್ಯಾಂಕ್ ಗ್ರೈಂಡಿಂಗು ಹೊರಗೆ. ಸಾಮಾನಿಗೆ ಪುತ್ಲಿಬೌಲಿ, ರಾಣಿಗಂಜ್. ಹಳೆಯ ಪಾನಾಗಳಿಗೆ ಗುರುವಾರದ ಜುಮೇರಾತ್ ಬಜಾರು. ಉಸ್ತಾದರ ಡ್ರಿಲ್ಲಿನ ಚಕ್ಕು ಸಿಕಂದರಾಬಾದಿನದೇ, 1943ರಲ್ಲಿ ಹುಟ್ಟಿದ ಪ್ರಾಗಾ ಟೂಲ್ಸಿನದು.

ಕೂಡಿಸುವುದರಲ್ಲಿ ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುವುದು ಡೀಸೆಲ್ ಪಂಪಿನ ಟೈಮಿಂಗ್. ಪಂಪು ಮೈಕೋದು. ಬೆಂಗಳೂರಿನ ಆಡುಗೋಡಿಯ ಆ ಕಾರ್ಖಾನೆಯ ಹೆಸರು ಹೈದರಾಬಾದಿನ ಪಂಪಿನಂಗಡಿಗಳ ಬೋರ್ಡುಗಳ ಮೇಲೆಲ್ಲ ಇತ್ತು. 'ಇದು ನಮ್ಮ ಕಡೀದು' ಎಂದು ಅಪ್ಪ ಬೀಗುತ್ತಿದ್ದರು. ಪಂಪಿನ ಮೊದಲನೆಯ ಮನೆಯಿಂದ ಡೆಲಿವರಿ ವಾಲ್ವ್ ತೆಗೆದು, ಅಲ್ಲಿಗೆ ಹಂಸದ ಕತ್ತಿನಂತೆ ಬಾಗಿದ ಪುಟ್ಟ ಪೈಪು ಸಿಕ್ಕಿಸುತ್ತಿದ್ದರು. ಮೇಲೆ ಕಟ್ಟಿದ ಡಬ್ಬಿಯಿಂದ ಇಳಿಯುವ ಡೀಸೆಲ್ ಆ ಕತ್ತಿನಿಂದ ಎಳೆಯಾಗಿ ಸುರಿಯುತ್ತದೆ. ಅಪ್ಪ ಸಲಾಕೆ ಹಾಕಿ ಕ್ರ್ಯಾಂಕನ್ನು ಕೂದಲೆಳೆಯಷ್ಟು, ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಒಳಗೆ ಪ್ಲಂಜರ್ ಮೇಲೇರಿ ಕಿಂಡಿ ಮುಚ್ಚುತ್ತ ಬಂದಂತೆ ಎಳೆ ಸಣ್ಣಗಾಗಿ, ತುಂಡಾಗಿ, ಹನಿಯಾಗುತ್ತದೆ. ಹನಿ ನಿಂತ ಕ್ಷಣವೇ ಡೀಸೆಲ್ ಒತ್ತಡಕ್ಕೆ ಸಿಕ್ಕುವ ಕ್ಷಣ. ಅದು ಫ್ಲೈವೀಲಿನ ಗುರುತಿಗೆ ಕೂಡಬೇಕು. ನಾನು ಬ್ಯಾಟರಿ ಹಿಡಿದು ನಿಂತಿರುತ್ತಿದ್ದೆ. ಅಮ್ಮ ಶೇಂಗಾ ಹಿಂಡಿ ಕುಟ್ಟುವುದನ್ನು ನಿಲ್ಲಿಸುತ್ತಿದ್ದಳು. ಹನಿ... ಹನಿ... ಹನಿ. ಉಸ್ತಾದರು ಅಂಗೈ ಎತ್ತಿ 'ಬಸ್' ಅನ್ನುವ ತನಕ ಹಿತ್ತಲಿನಲ್ಲಿ ಯಾರೂ ಉಸಿರಾಡುತ್ತಿರಲಿಲ್ಲ.

ಬಿಸ್ಮಿಲ್ಲಾ ಎಂದು ಉಸ್ತಾದರು ಏರ್ ತೆಗೆದು, ಅಪ್ಪ ಸೆಲ್ಫ್ ಕೊಟ್ಟು, ಮೊದಲು ಒಂದು, ಆಮೇಲೆ ಇನ್ನೊಂದು, ಕೊನೆಗೆ ಆರೂ ಹಿಡಿದಾಗ ಹಾಸುಗಲ್ಲು ಕಾಲಡಿಯಲ್ಲಿ ನಡುಗುತ್ತಿತ್ತು. ಅಮ್ಮ ಎಲ್ಲರಿಗೂ ಮಾಲದಿ ಹಂಚುತ್ತಿದ್ದಳು.

ಈ ಹಿತ್ತಲಿನಲ್ಲಿ ಇಂಜಿನ್ ನಾಲ್ಕು ಸಲ ಎದ್ದಿತು. ಕೊನೆಯದು 2009ರಲ್ಲಿ. ಅದಾದ ಮರುವರ್ಷ ಉಸ್ತಾದರು ಹೋದರು, ಆಮೇಲೆ ಅಪ್ಪ. ಅಪ್ಪನದು ಎದೆಯ ಕಾಯಿಲೆ, ಕೊನೆಯ ವರ್ಷಗಳಲ್ಲಿ ಕೆಮ್ಮಿ ಕೆಮ್ಮಿ ಸಣ್ಣಗಾಗಿದ್ದರು. ಹಾಗಾಗಿ ಹೊಗೆಯ ಹೊಸ ಕಾನೂನುಗಳನ್ನು ನಾನು ಹಳಿಯಲಾರೆ. 2017ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಿಎಸ್-4, 2020ರ ಏಪ್ರಿಲ್‌ನಿಂದ ಬಿಎಸ್-6. ಹಳೆಯ ನಾಜಲ್ ಇನ್ನೂರು ಚಿಲ್ಲರೆ ಬಾರ್ ಒತ್ತಡಕ್ಕೆ ಬಾಯಿ ತೆರೆಯುತ್ತಿತ್ತು. ಈಗಿನ ಕಾಮನ್ ರೈಲಿನಲ್ಲಿ ಒತ್ತಡ ಸಾವಿರದ ಮೇಲೆ ಎಷ್ಟೋ. ಅಂಥದ್ದನ್ನು ಧೂಳು ಹಾರುವ ಹಿತ್ತಲಿನಲ್ಲಿ, ಪರಾತದ ಪಕ್ಕ ಬಿಚ್ಚಲಾಗದು. ಗಾಳಿ ಚೊಕ್ಕವಾಗಲಿ. ಆದರೆ ಒಬ್ಬ ಮನುಷ್ಯ ಒಂದು ಇಂಜಿನ್ನನ್ನು ತಳದಿಂದ ತುದಿಯ ತನಕ ಬೆರಳಿನಿಂದಲೇ ಬಲ್ಲವನಾಗಿದ್ದ, ಆ ಬಲ್ಲತನವನ್ನು ಅಂಗಳದಲ್ಲಿ ಕೂತು ಮಗುವಿನ ಬೆರಳಿಗೆ ದಾಟಿಸುತ್ತಿದ್ದ. ಅದು ಹೋಯಿತಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತದೆ.

ಮೈಕೋ 2008ರಲ್ಲಿ ಬಾಷ್ ಆಯಿತು. ಆಡುಗೋಡಿಯಲ್ಲಿ ಈಗ ತಂತ್ರಾಂಶದ ಕ್ಯಾಂಪಸ್ಸು. ಲಾರಿಯನ್ನು 2018ರಲ್ಲಿ ತೂಕಕ್ಕೆ ಕೊಟ್ಟೆವು, ಇಂಜಿನ್ ಇಳಿಸಿಕೊಂಡು. ಕಳೆದ ವರ್ಷ ಹಂಸಕತ್ತಿನ ಪೈಪು ಹುಡುಕಿಕೊಂಡು ವನಸ್ಥಲಿಪುರದ ಆಟೋನಗರಕ್ಕೆ ಹೋಗಿದ್ದೆ. ನಮ್ಮದು ಎಲ್ಲೋ ಕಳೆದಿತ್ತು. ಲ್ಯಾಪ್‌ಟಾಪ್ ಹಿಡಿದಿದ್ದ ಹುಡುಗನಿಗೆ ಕೈಯಲ್ಲಿ ಬಾಗಿಸಿ ತೋರಿಸಿದರೂ ತಿಳಿಯಲಿಲ್ಲ. ಒಳಗಿದ್ದ ಮುದುಕರೊಬ್ಬರು ನನ್ನ ಕೈ ನೋಡಿ ಎದ್ದು ಹೋಗಿ ಒಂದು ಡಬ್ಬಿ ತಂದರು. ಒರೆಸಿ, ಊದಿ, ಬೆಳಕಿಗೆ ಹಿಡಿದು ತೋರಿಸಿದರು. ಮಾರುವುದಿಲ್ಲ ಅಂದರು. ನಾನೂ ಒತ್ತಾಯಿಸಲಿಲ್ಲ.

ಇಂಜಿನ್ ಹಿತ್ತಲಿನ ಕಬ್ಬಿಣದ ಸ್ಟ್ಯಾಂಡಿನ ಮೇಲಿದೆ. ರಿಂಗು ಹಿಡಿದುಕೊಳ್ಳಬಾರದೆಂದು ತಿಂಗಳಿಗೊಮ್ಮೆ ಎಣ್ಣೆ ಬಿಟ್ಟು ಸಲಾಕೆಯಿಂದ ಎರಡು ಸುತ್ತು ತಿರುಗಿಸುತ್ತೇನೆ. ಎರಡು ಸುತ್ತಿಗೆ ಆರೂ ಸರದಿ ಮುಗಿಯುತ್ತದೆ. ಒಂದೊಂದೂ ಕೈಗೆ ಎದುರು ಒತ್ತಿ, ಬಿಗಿಹಿಡಿದು, ಆಮೇಲೆ ಬಿಡುತ್ತದೆ. ನಿನ್ನೆ ತಿರುಗಿಸಿದೆ. ಒಂದು, ಐದು, ಮೂರು, ಆರು, ಎರಡು. ನಾಲ್ಕನೆಯದು ಬಿಗಿ ಹಿಡಿಯಲಿಲ್ಲ. ಎಕ್ಸಾಸ್ಟಿನ ಬಾಯಿಗೆ ಕಿವಿ ಹಚ್ಚಿ ಇನ್ನೊಮ್ಮೆ ತಿರುಗಿಸಿದಾಗ ಒಳಗಿನಿಂದ ಸಣ್ಣಗೆ ಸುಂಯ್ ಎಂದಿತು. ವಾಲ್ವು ಕೂತಿಲ್ಲ. ಹೆಡ್ ಇಳಿಸಬೇಕು.