ಅಮೆರಿಕದ ಕಾರ್ಡು, ನಮ್ಮನೆ ಮೆಣಸು

ಕಳಸದ ನಮ್ಮನೆ ಅಟ್ಟದ ಮೇಲೆ ಕೆಟ್ಟುಹೋದ ಸ್ಪ್ರೇಯರ್, ಹಳೇ ಟಾರ್ಪಾಲು, ಅಜ್ಜನ ಕಾಲದ ತಕ್ಕಡಿ ಇವುಗಳ ಜೊತೆ ಒಂದು ಗ್ರಾಫಿಕ್ಸ್ ಕಾರ್ಡ್ ಕೂಡ ಬಿದ್ದಿದೆ. ಅದಕ್ಕೆ ತಗುಲಿದ್ದು 123 ಕೆ.ಜಿ. ಕಾಳುಮೆಣಸು. ತಮಾಷೆ ಅಲ್ಲ ಮಾರಾಯ್ರೆ, ಲೆಕ್ಕ ಬರೆದಿಟ್ಟ ಚೀಟಿ ಇನ್ನೂ ಇದೆ.

2019ರ ಮಾತು. ಇಂಜಿನಿಯರಿಂಗ್ ಮುಗಿಸಿ, ಕೆಲಸಕ್ಕೆ ಕರೆ ಬರೋದನ್ನೇ ಕಾಯ್ತಾ ಮನೆಯಲ್ಲಿ ಕೂತಿದ್ದೆ. ಕ್ಲಾಸಿನಲ್ಲಿ ಎಲ್ಲರ ಬಾಯಲ್ಲೂ ಮೆಷಿನ್ ಲರ್ನಿಂಗ್. ಕೆಲಸಕ್ಕೆ ಸೇರೋದರೊಳಗೆ ಅದನ್ನು ಕಲೀಬೇಕು, ಅದಕ್ಕೊಂದು ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಬೇಕು ಅಂತ ನನ್ನ ವಾದ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ವಿಚಾರಿಸಿದರೆ 33,500 ರೂಪಾಯಿ. ಅಪ್ಪನಿಗೆ ಹೇಳಿದೆ. ಅಪ್ಪ ಏನೂ ಮಾತಾಡದೆ ಎರಡು ದಿನ ಬಿಟ್ಟು 33,000 ತಂದುಕೊಟ್ಟರು.

ಆ ದುಡ್ಡು ಬಂದಿದ್ದು ಮೆಣಸಿನಿಂದ. ಅದರ ಕತೆ ಸ್ವಲ್ಪ ಹೇಳಬೇಕು. 2015-16ರಲ್ಲಿ ಮೆಣಸು ಕೆ.ಜಿ.ಗೆ 600 ದಾಟಿತ್ತು. ಕಾಫಿ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಕಡೆಯ ಸಣ್ಣ ಬೆಳೆಗಾರರ ಮನೆ ನಡೆಸಿದ್ದು ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಗಳೇ. ಆಮೇಲೆ ವಿಯೆಟ್ನಾಂ ಮೆಣಸು ಬಂತು. ನೇರವಾಗಿ ತಂದರೆ ಸುಂಕ ಜಾಸ್ತಿ, ಆದರೆ ಶ್ರೀಲಂಕಾ ಜೊತೆ ನಮ್ಮ ದೇಶಕ್ಕೆ ಒಪ್ಪಂದ ಇದೆಯಲ್ಲ, ಆ ದಾರಿಯಲ್ಲಿ ನುಸುಳಿ ಬರುತ್ತೆ ಅನ್ನೋದು ಬೆಳೆಗಾರರ ದೂರು. ಮೂಡಿಗೆರೆ, ಚಿಕ್ಕಮಗಳೂರು ಕಡೆ ಇದರದ್ದೇ ಸಭೆ, ಮನವಿ. ಅಪ್ಪನೂ ಶಾಲು ಹೊದ್ದುಕೊಂಡು ಸಭೆಗೆ ಹೋಗಿ ಬರ್ತಿದ್ದರು. ಕೊನೆಗೆ 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟಿತು. 2018ರ ಮಾರ್ಚಿನಲ್ಲಿ, ಅದಕ್ಕಿಂತ ಕಡಿಮೆ ಬೆಲೆಯದ್ದು ಒಳಗೇ ಬರಬಾರದು ಅಂತಾಯಿತು. ಇನ್ನು 500 ಬಂದೇ ಬರುತ್ತೆ ಅಂತ ಅಪ್ಪ ಆ ವರ್ಷದ ಮೆಣಸನ್ನು ಮಾರದೆ ಇಟ್ಟರು. ಚೀಲ ಹಾಗೇ ಕೂತಿತು, ರೇಟು ಮಾತ್ರ ಇಳೀತಾನೇ ಹೋಯ್ತು. ನನಗೋಸ್ಕರ ಆ ದಾಸ್ತಾನಿನಿಂದ ಕ್ವಿಂಟಾಲು ತೆಗೆದು 330ರ ಲೆಕ್ಕದಲ್ಲಿ ಮಾರಿದ್ದರು. ಇದು ನನಗೆ ಗೊತ್ತಾಗಿದ್ದು ಆಮೇಲೆ.

ನಾನೋ, ಬುದ್ಧಿವಂತ! ಅದೇ ಕಾರ್ಡು ಅಮೆರಿಕದ ಒಂದು ಆನ್‌ಲೈನ್ ಅಂಗಡಿಯಲ್ಲಿ 350 ಡಾಲರ್. ಡಾಲರಿಗೆ ಆಗ ಹೆಚ್ಚುಕಮ್ಮಿ 70 ರೂಪಾಯಿ, ಅಂದರೆ 24,500. ಒಂಬತ್ತು ಸಾವಿರ ಉಳಿಸಿ, ವಾಪಸ್ ಅಪ್ಪನ ಕೈಗೆ ಕೊಟ್ಟು ಬೆರಗು ಮಾಡಬೇಕು ಅಂತ ಲೆಕ್ಕ ಹಾಕಿದೆ. ಬೆಂಗಳೂರಿನಲ್ಲಿದ್ದ ದೊಡ್ಡಪ್ಪನ ಮಗನ ಕ್ರೆಡಿಟ್ ಕಾರ್ಡಿನಲ್ಲಿ ಆರ್ಡರ್ ಮಾಡಿಸಿದೆ. ಕಂಪ್ಯೂಟರ್ ಬಿಡಿಭಾಗಗಳಿಗೆ ಭಾರತದಲ್ಲಿ ಆಮದು ಸುಂಕ ಸೊನ್ನೆ ಅಂತ ಎಲ್ಲೋ ಓದಿದ್ದೆ. ಅದು ಸುಳ್ಳೂ ಅಲ್ಲ. 1997ರಲ್ಲಿ ಸಹಿ ಹಾಕಿದ ಮಾಹಿತಿ ತಂತ್ರಜ್ಞಾನ ಒಪ್ಪಂದದ ಪ್ರಕಾರ ಇಂಥ ಸಾಮಾನುಗಳಿಗೆ ಮೂಲ ಸುಂಕ ಇಲ್ಲ.

ನಾನು ಓದದೆ ಬಿಟ್ಟಿದ್ದು ಏನು ಅಂದರೆ, ಆ ಸೊನ್ನೆ ಇರೋದು ವ್ಯಾಪಾರಕ್ಕೆ ತರಿಸುವವರಿಗೆ. ಅವರು ಶೇ. 18 ಜಿ.ಎಸ್.ಟಿ. ಕಟ್ಟುತ್ತಾರೆ, ಅದನ್ನೂ ಮುಂದೆ ಮಾರುವಾಗ ಹೊಂದಿಸಿಕೊಳ್ಳುತ್ತಾರೆ. ನನ್ನಂಥವನು ಸ್ವಂತ ಬಳಕೆಗೆ ಒಂದು ಪೊಟ್ಟಣ ತರಿಸಿದರೆ ಅದರೊಳಗೆ ಏನಿದೆ ಅಂತ ಸುಂಕದ ಪಟ್ಟಿ ಕೇಳೋದೇ ಇಲ್ಲ, ಎಲ್ಲಕ್ಕೂ ಒಂದೇ ತಲೆಬರಹ. ಆಗ ಇದ್ದದ್ದು ಮೂಲ ಸುಂಕ 10, ಆ ಸುಂಕದ ಮೇಲೆ ಹತ್ತನೇ ಒಂದು ಭಾಗ ಸಮಾಜ ಕಲ್ಯಾಣ ಮೇಲ್ತೆರಿಗೆ, ಈ ಎರಡನ್ನೂ ಸೇರಿಸಿದ ಮೊತ್ತದ ಮೇಲೆ ಶೇ. 28 ಜಿ.ಎಸ್.ಟಿ. ಒಟ್ಟು 42.08! (ಈ ದರಗಳು ಆಮೇಲೆ ಬದಲಾಗಿವೆ. ತರಿಸೋ ಮುಂಚೆ ಆವತ್ತಿನ ದರ ನೋಡಿಕೊಳ್ಳಿ.) ಅದೂ ಬರೀ ಕಾರ್ಡಿನ ಬೆಲೆಗಲ್ಲ, ಸಾಗಣೆ ಖರ್ಚನ್ನೂ ಸೇರಿಸಿ.

ಪಾರ್ಸೆಲ್ ಭಾರತಕ್ಕೆ ಬಂದ ಮೇಲೆ ಕೊರಿಯರ್‌ನವರು ಮೊದಲು ಆಧಾರ್ ಕೇಳಿದರು, ಆಮೇಲೆ ದುಡ್ಡು ಕೇಳಿದರು. ಸುಂಕ 11,488. ನಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ಅವರ ಸೇವಾಶುಲ್ಕ 708. ಸಾಗಣೆಗೆ 2,800 ಮೊದಲೇ ಹೋಗಿತ್ತು. ಅಷ್ಟರಲ್ಲಿ ಅಣ್ಣನ ಕ್ರೆಡಿಟ್ ಕಾರ್ಡ್ ಬಿಲ್ಲೂ ಬಂತು. ಡಾಲರಿನಲ್ಲಿ ಕೊಂಡಿದ್ದಕ್ಕೆ ಬ್ಯಾಂಕಿನವರು ಶೇ. 3.5, ಅದರ ಮೇಲೆ ಜಿ.ಎಸ್.ಟಿ., ಒಟ್ಟು 1,127. ಎಲ್ಲಾ ಕೂಡಿಸಿದರೆ 40,623. ನನ್ನ ಹತ್ತಿರ ಇದ್ದದ್ದು 33,000.

ಒಬ್ಬ ಗೆಳೆಯನಿಗೆ ಫೋನ್ ಮಾಡಿ ಗೋಳು ತೋಡಿಕೊಂಡೆ. "ನೀನೆಂಥ ಪೆದ್ದ ಮಾರಾಯ, ಗಿಫ್ಟ್ ಅಂತ ಬರೆಸಿ, ಬಿಲ್ಲಿನಲ್ಲಿ ಐವತ್ತು ಡಾಲರ್ ಹಾಕಿಸಬೇಕಿತ್ತು" ಅಂದ. ಛೆ, ಮೊದಲೇ ಹೊಳೀಲಿಲ್ಲವಲ್ಲ ಅಂತ ನನಗೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ರಾತ್ರಿ ಊಟಕ್ಕೆ ಕೂತಾಗ ಅಪ್ಪನ ಹತ್ತಿರ ಬಾಯಿಬಿಟ್ಟೆ. ಸರ್ಕಾರಕ್ಕೆ, ಕಸ್ಟಮ್ಸಿಗೆ ಚೆನ್ನಾಗಿ ಬೈದೆ. ಒಂದು ಸಾಮಾನು ಹೊರಗಿಂದ ಅಗ್ಗಕ್ಕೆ ಬರುತ್ತೆ ಅಂದರೆ ಇವರಿಗೇನು ಹೊಟ್ಟೆಕಿಚ್ಚು, ಸುಂಕ ಹಾಕಿ ಜನರನ್ನು ಸುಲೀತಾರೆ ಅಂತೆಲ್ಲ. ಗೆಳೆಯನ ಐಡಿಯಾನೂ ಹೇಳಿದೆ. ಅಪ್ಪ ಅನ್ನ ಕಲಸೋದು ನಿಲ್ಲಿಸಿದರು.

"ಶ್ರೀಲಂಕಾದಿಂದ ಮೆಣಸು ತರೋರೂ ಹಿಂಗೇ ಅಲ್ವನೋ? ಬಿಲ್ಲಿನಲ್ಲಿ ಐನೂರು ಬರೆಸ್ತಾರಂತೆ, ತರೋದು ಮುನ್ನೂರರದ್ದು. ಅವರು ಜಾಸ್ತಿ ಬರೆಸ್ತಾರೆ, ನೀನು ಕಮ್ಮಿ ಬರೆಸಬೇಕಿತ್ತು."

ಅಮ್ಮ ಸಾರು ಬಡಿಸ್ತಾ ಇದ್ದವರು ಸುಮ್ಮನೆ ಒಳಗೆ ಹೋದರು. ನನಗೆ ಗಂಟಲಲ್ಲಿ ತುತ್ತು ಇಳೀಲಿಲ್ಲ. ಎರಡು ವರ್ಷದಿಂದ ಅಪ್ಪ ಯಾವ ಬೇಲಿ ಇನ್ನೂ ಗಟ್ಟಿಯಾಗಲಿ ಅಂತ ಸಭೆ ಸಭೆ ಅಲೀತಿದ್ದರೋ, ಅಂಥದೇ ಬೇಲಿಗೆ ನಾನು ಎದುರಿಗೆ ಕೂತು ಶಾಪ ಹಾಕಿದ್ದೆ. ಇಲ್ಲಿ ಯಾರೂ ಗ್ರಾಫಿಕ್ಸ್ ಕಾರ್ಡ್ ಬೆಳೆಯಲ್ಲ, ಎರಡೂ ಒಂದೇ ಅಲ್ಲ ಅಂತ ಈಗಲೂ ವಾದ ಮಾಡಬಹುದು. ಆವತ್ತು ಬಾಯಿ ಬರಲಿಲ್ಲ.

ಊಟ ಆದ ಮೇಲೆ ಅಪ್ಪ ಮೆಣಸು ಮಾರಿದ ಚೀಟಿ ತಂದು, ಹಿಂದುಗಡೆ ನನ್ನ ಲೆಕ್ಕ ಬರಿ ಅಂದರು. ಬರೆದೆ. ಅವರು ಚೀಟಿ ತಿರುಗಿಸಿ ಮುಂದಿನ ಬದಿ ತೋರಿಸಿದರು. ತೇವಕ್ಕೆ ಇಷ್ಟು ಕಳೆ, ಧೂಳಿಗೆ ಇಷ್ಟು, ಚೀಲದ ತೂಕಕ್ಕೆ ಇಷ್ಟು. "ನಾವು ಮಾರೋವಾಗ ಎಲ್ಲರೂ ಕಳೀತಾರೆ, ಕೊಳ್ಳೋವಾಗ ಎಲ್ಲರೂ ಕೂಡಿಸ್ತಾರೆ. ಬೋರ್ಡಿನ ಮೇಲೆ ಬರೆದ ರೇಟು ನಂಬ್ಕೊಂಡು ಯಾರಾದ್ರೂ ಗಾಡಿ ಹತ್ತುತಾರಾ" ಅಂತ ನಕ್ಕರು. ಮಾರನೇ ದಿನ ಇನ್ನೊಂದು 23 ಕೆ.ಜಿ. ಮೆಣಸು ಕಳಸ ಪೇಟೆಗೆ ಹೋಯ್ತು.

ಪಾರ್ಸೆಲ್ ಚಿಕ್ಕಮಗಳೂರಿಗೆ ಬಂದಿದ್ದು ಆಗಸ್ಟ್ ಮಳೆಯಲ್ಲಿ. ಆ ಮಳೆ ನೆನಪಿದೆಯಲ್ಲ? ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿ ಮನೆ, ತೋಟ ಎಲ್ಲಾ ಹೋದವು. ಚಾರ್ಮಾಡಿ ಘಾಟಿ ಬಂದ್. ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹರೀತಿದ್ದಳು. ನಮ್ಮಲ್ಲಿ ಕರೆಂಟ್ ಹೋಗಿ ವಾರವಾಗಿತ್ತು. ನಿಮ್ಮ ಕಡೆ ಡೆಲಿವರಿ ಇಲ್ಲ, ನೀವೇ ಬಂದು ತಗೊಂಡು ಹೋಗಿ ಅಂದರು. ಮಳೆ ಬಿಟ್ಟ ಮೇಲೆ ಬಾಳೆಹೊನ್ನೂರು ಮೇಲಾಸಿ ಬಸ್ಸಿನಲ್ಲಿ ಹೋಗಿ, ಪೊಟ್ಟಣವನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮಗು ಥರ ತೊಡೆ ಮೇಲೆ ಇಟ್ಕೊಂಡು ಬಂದೆ.

ಕಾರ್ಡು ಒಂದು ವರ್ಷ ಚೆನ್ನಾಗಿ ಓಡಿತು. 2020ರ ಸೆಪ್ಟೆಂಬರಿನಲ್ಲಿ, ಲಾಕ್‌ಡೌನಿನಿಂದಾಗಿ ಮನೆಯಿಂದಲೇ ಕೆಲಸ ಮಾಡ್ತಿದ್ದಾಗ, ಪರದೆ ತುಂಬಾ ಹಸಿರು ಗೆರೆ ಬರೋಕೆ ಶುರುವಾಯ್ತು. ಮೂರು ವರ್ಷದ ವಾರಂಟಿ ಇತ್ತು. ಎಲ್ಲಿ? ಅಮೆರಿಕದಲ್ಲಿ! ಬೆಂಗಳೂರಿನ ಸರ್ವಿಸ್ ಸೆಂಟರಿನವರು ಸೀರಿಯಲ್ ನಂಬರ್ ನೋಡಿ, ಇದು ಇಲ್ಲಿ ಮಾರಿದ್ದಲ್ಲ ಅಂತ ಕೈಯಾಡಿಸಿದರು. ಅಮೆರಿಕಕ್ಕೆ ಕಳಿಸೋ ಖರ್ಚು ನಮ್ಮದೇ. ರಿಪೇರಿ ಆಗಿ ವಾಪಸ್ ಬರುವಾಗ, ಇದು ನಮ್ಮದೇ ಹಳೇ ಸಾಮಾನು ಅಂತ ಕಸ್ಟಮ್ಸಿಗೆ ಕಾಗದಪತ್ರ ತೋರಿಸಬೇಕು, ಇಲ್ಲದಿದ್ದರೆ ಮತ್ತೆ ಸುಂಕ. ನಾನು ಕಾರ್ಡನ್ನು ಡಬ್ಬಿಗೆ ಹಾಕಿ ಅಟ್ಟಕ್ಕೆ ಏರಿಸಿದೆ.

ಆಮೇಲೆ ಒಂದು ಕಾರ್ಡು ತಗೊಂಡೆ, ಎಸ್.ಪಿ. ರೋಡಿನಲ್ಲೇ, ನನ್ನ ಸಂಬಳದಲ್ಲಿ. ಅಂಗಡಿಯವನು ಕೊಟ್ಟ ಬಿಲ್ಲನ್ನು ಎರಡೂ ಬದಿ ತಿರುಗಿಸಿ ನೋಡಿದೆ. "ಏನ್ ಸಾರ್ ಹುಡುಕ್ತಿದ್ದೀರಾ?" ಅಂದ.

ಈಗ ಮೆಣಸು ಮತ್ತೆ 600 ದಾಟಿದೆ. ಪ್ರತಿ ಭಾನುವಾರ ಅಪ್ಪ ಫೋನ್ ಮಾಡಿ, ಕೊಚ್ಚಿ ರೇಟು ಎಷ್ಟಿದೆ ನೋಡು ಅಂತಾರೆ. ನಾನು ಹೇಳ್ತೀನಿ. ಆ 123 ಕೆ.ಜಿ.ಯ ಮಾತನ್ನು ಇಬ್ಬರೂ ಎತ್ತಲ್ಲ :)