ಬೂದಿಯ ಲೆಕ್ಕ

ನಾವು ಲೆಕ್ಕ ಬರೆಯುವವರು. ಸೌದಿಯ ಈ ಪವರ್ ಪ್ಲಾಂಟಿಗೆ ಬಂದ ಹೊಸದರಲ್ಲಿ ಬಾಯ್ಲರ್ ಬೂದಿ ನಮ್ಮ ಪುಸ್ತಕದಲ್ಲಿ ಖರ್ಚಿನ ಕಡೆ ಇತ್ತು. ಸಾಗಿಸೋಕೆ ನಾವೇ ದುಡ್ಡು ಕೊಡ್ತಿದ್ವಿ. ಈಗ ಅದು ಜಮಾ ಕಡೆ ಬಂದಿದೆ. ಫರ್ನೇಸ್ ಆಯಿಲ್ ಉರಿದು ಉಳಿಯುವ ಕಪ್ಪು ಬೂದಿಯಲ್ಲಿ ವೆನೇಡಿಯಂ, ನಿಕಲ್ ಇರುತ್ತವೆ. ಕೊಂಡವರು ಆಮ್ಲದಲ್ಲಿ ನೆನೆಸಿ, ಸೋಸಿ, ವೆನೇಡಿಯಂ ಬೇರೆ ಮಾಡ್ತಾರೆ. ಉಕ್ಕು ಗಟ್ಟಿಯಾಗೋಕೆ ಅದು ಬೇಕು. ಎಷ್ಟು ಪರ್ಸೆಂಟ್ ಇದೆಯೋ ಅದರ ಮೇಲೆ ರೇಟು.

ಕಳೆದ ವರ್ಷ ಖರ್ಚು ಇಳಿಸಿ ಅಂತ ಮೇಲಿನಿಂದ ಬಂತು. ಸುಲಭಕ್ಕೆ ಸಿಕ್ಕಿದ್ದು ಮಾಸ್ಕಿನ ಬಿಲ್ಲು, ಅದನ್ನೇ ಅರ್ಧ ಮಾಡಿದ್ವಿ.

ಬೂದಿ ತುಂಬುವ ರಾಯಚೂರಿನ ಹುಡುಗ ಒಂದು ಶುಕ್ರವಾರ ರೂಮಿಗೆ ಬಂದು ನಾಲಿಗೆ ಚಾಚಿದ. ಹಸಿರು! ಮೇಲೆ ಕೆಮ್ಮು. "ಶಕ್ತಿನಗರದಾಗ ಕಲ್ಲಿದ್ದಲ ಬೂದಿ ಹೊತ್ತೀನ್ರಿ ಸರ, ಅದು ಹಿಂಗ ಮಾಡಿದ್ದಿಲ್ಲ" ಅಂದ. ವೆನೇಡಿಯಂ ಧೂಳಿಂದ ಹೀಗಾಗುತ್ತೆ ಅಂತ ಡಾಕ್ಟರ್ ಹೇಳಿದ ಮೇಲೇ ನಮಗೆ ಗೊತ್ತಾಗಿದ್ದು. ಪರ್ಸೆಂಟ್ ಮಾತ್ರ ಮೊದಲೇ ಬಾಯಿಪಾಠ ಇತ್ತು.

ಮಾಸ್ಕಿನ ಬಿಲ್ಲು ಮತ್ತೆ ಪೂರ್ತಿ ಹಾಕಿದೀವಿ, ಸಹಿ ನಮ್ಮದೇ. ಬೂದಿ ಕೆಲಸದಲ್ಲಿರೋ ಅಣ್ಣತಮ್ಮಂದಿರೇ, ಮುಖಕ್ಕೆ ಬಟ್ಟೆ ಕಟ್ಟಿದರೆ ಸಾಲದು, ಫಿಲ್ಟರ್ ಇರೋ ಮಾಸ್ಕನ್ನೇ ಕೇಳಿ ಪಡೀರಿ. ಹುಡುಗನ ನಾಲಿಗೆ ಸರಿಹೋಗಿದೆ. ಕೆಮ್ಮು ಇನ್ನೂ ಇದೆ.