ಮಾವನ ಹೊಸ ಟಿವಿ, ಹಳೆಯ ರೀಲು

ಚೆನ್ನೈ,
ಭಾನುವಾರ

ಪ್ರೀತಿಯ ಮಾವನಿಗೆ,

 

ಮೊನ್ನೆ ಫೋನಿನಲ್ಲಿ ನೀವು ರೇಗಿದ್ದು ಇನ್ನೂ ಕಿವಿಯಲ್ಲಿದೆ. ಎಚ್‌ಡಿ ಟಿವಿ ತಂದದ್ದಾಯಿತು, ಎಚ್‌ಡಿ ಚಾನೆಲ್ಲಿಗೆಂದು ತಿಂಗಳಿಗಿಷ್ಟು ಕಟ್ಟುವುದೂ ಆಯಿತು, ಹಳೇ ಸಿನಿಮಾ ಹಾಕಿದರೆ ಮುಖಗಳೆಲ್ಲ ಮೇಣದ ಬೊಂಬೆ, ನಿಂತವರಿಗೆ ತಲೆಯೇ ಇಲ್ಲ, “ನೀನು ಅಲ್ಲಿ ಕೂತು ಮಾಡೋ ಘನಂದಾರಿ ಕೆಲಸ ಇದೇನಾ?” ಅಂದಿರಿ. ಹಳೇ ಚಿತ್ರಗಳನ್ನು ಸರಿಪಡಿಸುವುದು ನನ್ನ ಕೆಲಸವೇನೋ ಸರಿ, ಆ ಚಿತ್ರ ನಮ್ಮ ಕೈಯಿಂದ ಹೋದದ್ದಲ್ಲ ಮಾವ. ಆದರೂ ಜೀವಮಾನವೆಲ್ಲ ಪ್ರೊಜೆಕ್ಟರ್ ರೂಮಿನಲ್ಲಿ ಕಳೆದ ನೀವು ಅರ್ಧಂಬರ್ಧ ಉತ್ತರಕ್ಕೆ ಒಪ್ಪುವವರಲ್ಲ. ಅದಕ್ಕೇ ಕಾಗದ ಹಿಡಿದು ಕೂತೆ.

ಟಿವಿಯ ಮೂಲೆಯಲ್ಲಿ ಎಚ್‌ಡಿ ಎಂದು ಬರೆದಿರುವುದು ಚಿತ್ರ ನಿಮ್ಮ ಮನೆಗೆ ಯಾವ ಅಳತೆಯಲ್ಲಿ ಬಂತು ಎಂಬುದನ್ನಷ್ಟೇ ಹೇಳುತ್ತದೆ. ಅದು ಎಲ್ಲಿಂದ ಹೊರಟಿತು ಎಂದು ಹೇಳುವುದಿಲ್ಲ. ನೀವು ನೋಡಿದ್ದು ಬಹುಶಃ ರೀಲಿನಿಂದ ನೇರವಾಗಿ ಬಂದದ್ದೇ ಅಲ್ಲ. ತೊಂಬತ್ತರ ದಶಕದಲ್ಲಿ ಸ್ಯಾಟಲೈಟ್ ಚಾನೆಲ್ಲುಗಳು ಶುರುವಾದಾಗ ಕೈಗೆ ಸಿಕ್ಕ ಪ್ರಿಂಟನ್ನು ಟೆಲಿಸಿನಿ ಯಂತ್ರದಲ್ಲಿ ಓಡಿಸಿ ಬೀಟಾಕ್ಯಾಮ್ ಟೇಪಿಗೆ ಇಳಿಸುತ್ತಿದ್ದರು. ಅಂದಿನ ಡಬ್ಬಿ ಟಿವಿಗೆ ಅಷ್ಟು ಸಾಕಿತ್ತು. ಇವತ್ತಿನ ಲೆಕ್ಕದಲ್ಲಿ ಆ ಟೇಪಿನ ಒಂದು ಫ್ರೇಮಿನಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576, ಒಟ್ಟು 4,14,720 ಚುಕ್ಕಿಗಳು. ಎಚ್‌ಡಿಗೆ ಬೇಕಾದದ್ದು 1920ಕ್ಕೆ 1080, ಅಂದರೆ 20,73,600. ಸರಿಯಾಗಿ ಐದು ಪಟ್ಟು. ಟೇಪನ್ನೇ ಹಿಗ್ಗಿಸಿ ಎಚ್‌ಡಿ ಮಾಡಿದರೆ ಐದರಲ್ಲಿ ನಾಲ್ಕು ಚುಕ್ಕಿಗಳನ್ನು ಯಂತ್ರ ಅಕ್ಕಪಕ್ಕ ನೋಡಿ ಊಹಿಸಿ ತುಂಬುತ್ತದೆ. ನೀವು ದುಡ್ಡು ಕೊಟ್ಟು ನೋಡುತ್ತಿರುವುದು ಹೆಚ್ಚಿನ ಪಾಲು ಆ ಊಹೆಯನ್ನೇ.

ರೀಲಿನ ಕಥೆ ಬೇರೆ. 35 ಎಂಎಂ ನೆಗೆಟಿವ್‌ನಲ್ಲಿ ಎಚ್‌ಡಿ ಕೇಳುವುದಕ್ಕಿಂತ ಹೆಚ್ಚು ವಿವರ ಅಡಗಿದೆ. ಹಾಗಾಗಿ 1972ರ ಚಿತ್ರವನ್ನು ನಿಜವಾದ ಎಚ್‌ಡಿಯಲ್ಲಿ ತೋರಿಸಬಹುದು, 1998ರಲ್ಲಿ ಬೀಟಾಕ್ಯಾಮಿನಲ್ಲೇ ಶೂಟ್ ಮಾಡಿದ ಧಾರಾವಾಹಿಯನ್ನು ಎಂದೆಂದಿಗೂ ಆಗದು. ಅತ್ತೆಗೆ ಇದು ಬೇಸರದ ಸುದ್ದಿಯೇ.

ಹಾಗಾದರೆ ಎಲ್ಲರೂ ನೆಗೆಟಿವ್‌ನಿಂದಲೇ ಮಾಡಬಾರದೇ ಎನ್ನುತ್ತೀರಿ. ಅದು ಸಿಕ್ಕಬೇಕಲ್ಲ! ನಮ್ಮ ಹಳೆಯ ಚಿತ್ರಗಳು ಬಹುಪಾಲು ಮದ್ರಾಸಿನ ಲ್ಯಾಬುಗಳಲ್ಲೇ ತೊಳೆದಂಥವು. ನಿರ್ಮಾಪಕರು ತೀರಿಕೊಂಡರು, ಲ್ಯಾಬಿನ ಬಾಕಿ ಹಾಗೇ ಉಳಿಯಿತು, ನೆಗೆಟಿವ್ ಹಕ್ಕು ಒಬ್ಬರ ಪಾಲಾಯಿತು, ಸ್ಯಾಟಲೈಟ್ ಹಕ್ಕು ಇನ್ನೊಬ್ಬರಿಗೆ ಹೋಯಿತು. ಎಷ್ಟೋ ರೀಲುಗಳನ್ನು ಅವುಗಳಲ್ಲಿನ ಬೆಳ್ಳಿಯ ಆಸೆಗೆ ಕರಗಿಸಿಬಿಟ್ಟರು. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’, ಇವತ್ತು ಎಲ್ಲಿಯೂ ನೋಡಲು ಸಿಗುವುದಿಲ್ಲ. ಉಳಿದ ನೆಗೆಟಿವ್‌ಗಳೂ ದಣಿದಿವೆ. ಹೊರದೇಶಗಳಲ್ಲಿ ಮೂಲವನ್ನು ಎತ್ತಿಟ್ಟು ಅದರ ನಕಲಿನಿಂದ ಪ್ರಿಂಟ್ ಹಾಕುವುದು ರೂಢಿ. ಖರ್ಚು ಉಳಿಯಲೆಂದು ನಮ್ಮಲ್ಲಿ ಸಾಮಾನ್ಯವಾಗಿ ಮೂಲದಿಂದಲೇ ಹಾಕುತ್ತಿದ್ದರು. ಚಿತ್ರ ಹೆಚ್ಚು ಓಡಿದಷ್ಟೂ ಅದರ ನೆಗೆಟಿವ್ ಹೆಚ್ಚು ಸವೆದಿದೆ. ಸೋತ ಚಿತ್ರಗಳ ನೆಗೆಟಿವ್ ಹೊಸದರಂತೆ ಇರುವುದನ್ನು ನೋಡಿ ನಾವು ನಗುವುದುಂಟು.

ನೆಗೆಟಿವ್ ಸಿಕ್ಕಿತೆನ್ನಿ. ಮೊದಲ ಕೆಲಸ ನಿಮ್ಮದೇ ಕೆಲಸ: ಮೇಜಿನ ಮೇಲೆ ಹರಡಿ, ಹರಿದ ತೂತುಗಳಿಗೆ ತೇಪೆ ಹಚ್ಚಿ, ಬಿಟ್ಟುಕೊಂಡ ಜಾಯಿಂಟುಗಳನ್ನು ಮತ್ತೆ ಕೂಡಿಸಿ, ತೊಳೆದು ಒಣಗಿಸುವುದು. ಇಲ್ಲಿ ಕಂಪ್ಯೂಟರಿಗೆ ಜಾಗವಿಲ್ಲ. ಆಮೇಲೆ ಸ್ಕ್ಯಾನರ್. ನಿಮ್ಮ ಕಾರ್ಬನ್ ಕಡ್ಡಿಯ ಬೆಂಕಿಯಂಥ ಬೆಳಕಲ್ಲ, ತಣ್ಣಗಿನ ಎಲ್‌ಇಡಿ. ಒಂದೊಂದು ಫ್ರೇಮನ್ನೂ ಪ್ರತ್ಯೇಕ ಫೋಟೋ ತೆಗೆಯುತ್ತದೆ. ಕುಗ್ಗಿದ ಫಿಲ್ಮಾದರೆ ಹಲ್ಲಿನ ಚಕ್ರವೇ ಇಲ್ಲದ ಸ್ಕ್ಯಾನರ್ ಬೇಕು. ಗೀರು ಬಿದ್ದಿದ್ದರೆ, ಫಿಲ್ಮಿನಷ್ಟೇ ಬೆಳಕನ್ನು ಬಗ್ಗಿಸುವ ಒಂದು ದ್ರವದಲ್ಲಿ ಅದನ್ನು ಹಾಯಿಸುತ್ತಾರೆ; ಬೆನ್ನಿನ ಕಡೆಯ ಗೀರುಗಳು ತುಂಬಿಕೊಂಡು ಮಾಯವಾಗುತ್ತವೆ. ಚಿತ್ರವಿರುವ ಎಮಲ್ಷನ್ನಿಗೇ ಆಳವಾಗಿ ಬಿದ್ದ ಗೀರು ಮಾತ್ರ ಹೋಗುವುದಿಲ್ಲ.

ಎರಡೂವರೆ ಗಂಟೆಯ ಚಿತ್ರವೆಂದರೆ 13,500 ಅಡಿ ಎಂದು ನಿಮಗೆ ಬಾಯಿಪಾಠ. ನಮಗೆ ಅದು 2,16,000 ಫ್ರೇಮು. 4ಕೆ ಅಳತೆಯಲ್ಲಿ ತೆಗೆದರೆ ಒಂದು ಫ್ರೇಮಿಗೆ ಸುಮಾರು 51 ಎಂಬಿ, ಪೂರ್ತಿ ಚಿತ್ರಕ್ಕೆ ಹನ್ನೊಂದು ಟಿಬಿ. ಅಷ್ಟರ ಮೇಲೂ ಕೂತು ಧೂಳು ಆರಿಸಬೇಕು. ಬಣ್ಣದ ಫಿಲ್ಮಿನಲ್ಲಿ ಒಂದು ಅನುಕೂಲವಿದೆ: ಅದರ ಬಣ್ಣಗಳು ಇನ್‌ಫ್ರಾರೆಡ್ ಕಿರಣವನ್ನು ಬಿಟ್ಟುಕೊಡುತ್ತವೆ, ಧೂಳು ಬಿಡುವುದಿಲ್ಲ, ಹಾಗಾಗಿ ಧೂಳಿನ ನಕ್ಷೆ ತಾನಾಗಿ ಸಿಗುತ್ತದೆ. ಕಪ್ಪುಬಿಳುಪಿನಲ್ಲಿ ಚಿತ್ರವೇ ಬೆಳ್ಳಿ. ಬೆಳ್ಳಿಯೂ ಆ ಕಿರಣವನ್ನು ತಡೆಯುವುದರಿಂದ ಉಪಾಯ ನಡೆಯದು. ಆಗ ಸಾಫ್ಟ್‌ವೇರ್ ಹಿಂದಿನ ಮುಂದಿನ ಫ್ರೇಮುಗಳನ್ನು ಹೋಲಿಸಿ, ಒಂದೇ ಫ್ರೇಮಿನಲ್ಲಿ ಕಂಡು ಮರೆಯಾದದ್ದನ್ನೆಲ್ಲ ಕೊಳೆ ಎಂದು ತೀರ್ಮಾನಿಸುತ್ತದೆ. ಮದುವೆ ದೃಶ್ಯ ಬಂತೋ, ಗಟ್ಟಿಮೇಳದ ಹೊತ್ತಿಗೆ ಎರಚಿದ ಅಕ್ಷತೆಯನ್ನೆಲ್ಲ ನುಂಗಿಬಿಡುತ್ತದೆ! ಮಳೆಹನಿ, ಕಿಡಿ, ಮೂಗುತಿಯ ಹೊಳಪು ಎಲ್ಲಕ್ಕೂ ಇದೇ ಗತಿ. ಯಂತ್ರ ತೆಗೆದದ್ದನ್ನು ಮತ್ತೆ ಒಂದೊಂದಾಗಿ ಹಾಕುವುದೇ ನನ್ನ ಕೆಲಸ. ಘನಂದಾರಿಯೋ ಅಲ್ಲವೋ ನೀವೇ ಹೇಳಿ.

ಚೇಂಜ್‌ಓವರ್‌ಗೆಂದು ಅಂದರೆ ಇನ್ನೊಂದು ಪ್ರೊಜೆಕ್ಟರಿಗೆ ದಾಟುವುದಕ್ಕೆಂದು ರೀಲಿನ ಕೊನೆಯಲ್ಲಿ, ಬಲಗಡೆ ಮೇಲಿನ ಮೂಲೆಯಲ್ಲಿ, ಆಪರೇಟರುಗಳು ಮೊಳೆಯಲ್ಲಿ ಕೆರೆದ ಗುರುತುಗಳೂ ಕಾಣುತ್ತವೆ. ಟಿವಿಯಲ್ಲಿ ಅದು ಕಂಡರೆ ಚಿತ್ರವನ್ನು ಥಿಯೇಟರ್ ಪ್ರಿಂಟಿನಿಂದ ಎತ್ತಿದ್ದಾರೆಂದು ತಿಳಿಯಿರಿ. ಎಲ್ಲರೂ ಅಳಿಸುತ್ತಾರೆ, ನಾನೂ ಅಳಿಸುತ್ತೇನೆ. ನಿಮ್ಮ ಜಾತಿಯವರ ಸಹಿ ಅದು ಎಂದು ಒಂದು ಕ್ಷಣ ಕೈ ತಡೆಯುತ್ತದೆ.

ಇನ್ನು ಮೇಣದ ಮುಖ. ಫಿಲ್ಮಿನ ಚಿತ್ರ ಹುಟ್ಟುವುದೇ ಬೆಳ್ಳಿಯ ಕಣಗಳಿಂದ. ಗ್ರೇನ್ ಅನ್ನುತ್ತೇವಲ್ಲ, ಅದು. ಪ್ರತಿ ಫ್ರೇಮಿನಲ್ಲೂ ಅದರ ವಿನ್ಯಾಸ ಬೇರೆ. ಥಿಯೇಟರಿನಲ್ಲಿ ಅದು ತೊಂದರೆಯಲ್ಲ, ಚರ್ಮಕ್ಕೆ ಬಟ್ಟೆಗೆ ಜೀವ ಕೊಡುವುದೇ ಅದು. ಟಿವಿಯಲ್ಲಿ ತೊಂದರೆ. ಚಾನೆಲ್ಲಿನವರು ಸಿಗ್ನಲ್ಲನ್ನು ಬಿಗಿಯಾಗಿ ಹಿಂಡಿ ಕಳಿಸುತ್ತಾರೆ. ಹಿಂದಿನ ಫ್ರೇಮಿಗಿಂತ ಬದಲಾದದ್ದನ್ನಷ್ಟೇ ಕಳಿಸುವುದು ಆ ಹಿಂಡುವಿಕೆಯ ಗುಟ್ಟು. ಗ್ರೇನ್ ಇದ್ದರೆ ಇಡೀ ಪರದೆ ಪ್ರತಿ ಫ್ರೇಮಿನಲ್ಲೂ ಬದಲಾಗುತ್ತದೆ, ಲೆಕ್ಕ ತಪ್ಪಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಅದಕ್ಕೆ ಮೊದಲೇ ಗ್ರೇನನ್ನು ಉಜ್ಜಿ ತೆಗೆದುಬಿಡುತ್ತಾರೆ. ಜೊತೆಗೆ ಕೆನ್ನೆಯ ರಂಧ್ರ, ಹಣೆಯ ಗೆರೆ, ಸೀರೆಯ ನೇಯ್ಗೆ ಎಲ್ಲವೂ ಹೋಗುತ್ತದೆ. ಸ್ವಚ್ಛವಾಗಿದೆ ಎಂದು ಮೆಚ್ಚುವವರೂ ಇದ್ದಾರೆ. ನನಗೆ ಅದು ಹಾಳು ಮಾಡುವ ಕೆಲಸ. ಧೂಳು ಹೊರಗಿನಿಂದ ಬಂದದ್ದು, ಗ್ರೇನ್ ಚಿತ್ರದ್ದೇ.

ತಲೆ ಕತ್ತರಿಸಿದ್ದಕ್ಕೆ ಕಾರಣ ಇನ್ನೂ ಸರಳ. ಅಗಲ ಪರದೆಯ ಸ್ಕೋಪ್ ಬರುವ ಮುಂಚಿನ ನಮ್ಮ ಚಿತ್ರಗಳ ಆಕಾರ ಹೆಚ್ಚುಕಡಿಮೆ ನಾಲ್ಕಕ್ಕೆ ಮೂರು. ನಿಮ್ಮ ಹೊಸ ಟಿವಿ ಹದಿನಾರಕ್ಕೆ ಒಂಬತ್ತು. ಪರದೆ ತುಂಬಿಸಬೇಕೆಂದರೆ ಮೇಲೆ ಕೆಳಗೆ ಸೇರಿ ಎತ್ತರದ ಕಾಲು ಭಾಗ ಕತ್ತರಿಸಬೇಕು, ಇಲ್ಲವೇ ಅಡ್ಡಕ್ಕೆ ಎಳೆದು ರಾಜ್‌ಕುಮಾರ್ ಅವರನ್ನೂ ದಪ್ಪ ಮಾಡಬೇಕು. ಎರಡೂ ಬೇಡವೆಂದರೆ ಎರಡು ಪಕ್ಕ ಕಪ್ಪು ಪಟ್ಟಿ ಬಿಡಬೇಕು. ಕಪ್ಪು ಪಟ್ಟಿ ಕಂಡರೆ ಜನ ಟಿವಿ ಕೆಟ್ಟಿದೆ ಎನ್ನುತ್ತಾರೆ ಎಂದು ಚಾನೆಲ್ಲಿನವರಿಗೆ ಭಯ. ಅತ್ತೆಗೆ ಹೇಳಿ: ಪಟ್ಟಿ ಇದ್ದರೆ ಆ ಪ್ರಸಾರ ಪ್ರಾಮಾಣಿಕ.

ಹಾಡು ಓಡಿದಂತಿದೆ ಎಂದಿರಲ್ಲ, ನಿಮ್ಮ ಕಿವಿ ಸುಳ್ಳಲ್ಲ. ನೀವು ಸೆಕೆಂಡಿಗೆ 24 ಫ್ರೇಮು ಓಡಿಸಿದವರು. ನಮ್ಮ ದೇಶದ ಟಿವಿ 25ರದ್ದು. ಆ ಒಂದು ಫ್ರೇಮಿನ ವ್ಯತ್ಯಾಸ ಹೊಂದಿಸಲು ಚಿತ್ರವನ್ನೇ ಕೊಂಚ ಜೋರಾಗಿ ಓಡಿಸುವುದು ಹಳೆಯ ಪದ್ಧತಿ. 150 ನಿಮಿಷದ ಚಿತ್ರ 144ಕ್ಕೆ ಮುಗಿಯುತ್ತದೆ, ಪಿ.ಬಿ. ಶ್ರೀನಿವಾಸರ ಶ್ರುತಿ ಹಾರ್ಮೋನಿಯಮ್ಮಿನ ಒಂದು ಮನೆಗಿಂತ ತುಸು ಕಡಿಮೆ ಏರುತ್ತದೆ. ಈಗ ವೇಗ ಹಾಗೇ ಇಟ್ಟು ಶ್ರುತಿಯನ್ನು ಇಳಿಸಬಹುದು. ಇಳಿಸುವ ವ್ಯವಧಾನ ಎಲ್ಲರಿಗೂ ಇಲ್ಲ.

ಕಪ್ಪುಬಿಳುಪು ಚಿತ್ರಕ್ಕೆ ಬಣ್ಣ ಹಚ್ಚುವುದನ್ನು ನನ್ನ ಕೆಲಸದ ಜೊತೆ ಬೆರೆಸಬೇಡಿ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣದಲ್ಲಿ ಬಂದಾಗ ನೀವು ಎರಡೆರಡು ಸಲ ನೋಡಿ ಬಂದಿರಿ. ನಿಮ್ಮ ಖುಷಿಗೆ ನಾನು ಅಡ್ಡ ಬರುವುದಿಲ್ಲ. ಆದರೆ ಅದು ಹೊಸ ಅಲಂಕಾರ. ಇದ್ದದ್ದನ್ನು ಇದ್ದಂತೆ ಮರಳಿ ತರುವ ಕೆಲಸವಲ್ಲ. ಆ ಕೆಲಸ ನೋಡಬೇಕೆಂದರೆ ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ ನೋಡಿ. 1977ರ ಕಪ್ಪುಬಿಳುಪು ಚಿತ್ರ, ಎಸ್. ರಾಮಚಂದ್ರರ ಕ್ಯಾಮೆರಾ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಸ್ಥಾಪಿಸಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದನ್ನು 4ಕೆಯಲ್ಲಿ ಉದ್ಧರಿಸಿದವು, 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದರಿಂದ ಇದು ಸಾಧ್ಯವಾಯಿತು. ಯಾರೋ ಒಬ್ಬರು ಎತ್ತಿಡದಿದ್ದರೆ ಯಾವ ಯಂತ್ರವಿದ್ದೂ ಏನು ಮಾಡುವುದು?

ಅದಕ್ಕೇ ನಿಮ್ಮಿಂದ ಒಂದು ಉಪಕಾರ ಆಗಬೇಕು. ನಿಮ್ಮ ಟಾಕೀಸ್ ಮುಚ್ಚಿದಾಗ ವಿತರಕರು ಬಂದು ಒಯ್ಯದ ಒಂದಷ್ಟು ಡಬ್ಬಗಳು ಪ್ರೊಜೆಕ್ಟರ್ ರೂಮಿನ ಮೆಟ್ಟಿಲ ಕೆಳಗೆ ಬಿದ್ದಿವೆ ಎಂದಿದ್ದಿರಿ. ಪೂರ್ತಿ ಚಿತ್ರ ಇರದಿದ್ದರೂ ಚಿಂತೆಯಿಲ್ಲ. ನೆಗೆಟಿವ್‌ನ ಒಂದು ರೀಲು ಕೆಟ್ಟಿದ್ದರೆ ಅಷ್ಟನ್ನು ಪ್ರಿಂಟಿನಿಂದ ತುಂಬುತ್ತಾರೆ, ಒಂಟಿ ರೀಲಿಗೂ ಬೆಲೆಯಿದೆ. ಮುಚ್ಚಳ ತೆಗೆದು ಮೂಸಿ ನೋಡಿ. ಹುಳಿ ವಿನೆಗರ್ ವಾಸನೆ ಬಂದರೆ ಕೊಳೆಯಲು ಶುರುವಾಗಿದೆ ಎಂದರ್ಥ. ಅದರ ಆವಿ ಪಕ್ಕದ ರೀಲಿಗೂ ತಾಗುತ್ತದೆ, ವಾಸನೆ ಬಂದವನ್ನು ಬೇರೆ ಇಡಿಸಿ. ತಗಡಿನ ಮಾಡಿನ ಕೆಳಗೆ ಬೇಡ, ತೇವವಿಲ್ಲದ ತಂಪಾದ ಕೋಣೆಯಲ್ಲಿ ಮಲಗಿಸಿಡಿ. ತೊಳೆಯುವುದು, ಮತ್ತೆ ಓಡಿಸಿ ನೋಡುವುದು ದಯವಿಟ್ಟು ಬೇಡ. ನಿಮ್ಮ ಕೈ ತುರಿಸುತ್ತದೆಂದು ಗೊತ್ತು. ಡಬ್ಬದ ಮೇಲಿನ ಚಿತ್ರದ ಹೆಸರು, ರೀಲ್ ನಂಬರ್, ಲ್ಯಾಬಿನ ಚೀಟಿಯಿದ್ದರೆ ಅದು, ಎಲ್ಲದರ ಫೋಟೋ ವಾಟ್ಸಾಪಿನಲ್ಲಿ ಕಳಿಸಿ. ಪುಣೆಗೆ ಬರೆಯುವುದು, ಹಕ್ಕುದಾರರನ್ನು ಹುಡುಕುವುದು ನನ್ನ ಪಾಲಿಗಿರಲಿ. ಗುಜರಿಯವನು ಬರುವ ಮುಂಚೆ ಈ ವಾರವೇ ಒಮ್ಮೆ ಹೋಗಿ ಬನ್ನಿ.

ನಿಮ್ಮ
ಪುಟ್ಟಿ